ಮೊದಲು ನೀರು, ಆಮೇಲೆ ಊರು: ದುರ್ಗದ ಸೀಮೆಯ ಹಳೇ ಲೆಕ್ಕ ಮತ್ತು ಹೊಸ ಬಡಾವಣೆ

ಚಿತ್ರದುರ್ಗದಿಂದ ಯಾವ ದಿಕ್ಕಿಗೆ ಹೊರಟರೂ ಈಗ ಒಂದೇ ನೋಟ. ನಿನ್ನೆ ಮೊನ್ನೆವರೆಗೆ ಶೇಂಗಾ, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲು ಸಾಲು ಸೈಟಿನ ಕಲ್ಲು, ಜೆಸಿಬಿ ಎಳೆದ ಮಣ್ಣಿನ ರಸ್ತೆ, ಮುಖ್ಯರಸ್ತೆ ಕಡೆಗೊಂದು ಕಮಾನು, ಅದರ ಪಕ್ಕ ದೊಡ್ಡ ಫ್ಲೆಕ್ಸ್. ಹಿರಿಯೂರಿನಲ್ಲಿ ಹೆದ್ದಾರಿ ಬದಿಗೆ, ಹೊಸದುರ್ಗದಲ್ಲಿ ತೆಂಗಿನ ತೋಟಗಳ ನಡುವೆ, ಹೊಳಲ್ಕೆರೆಯಲ್ಲಿ ಅಡಿಕೆ ದುಡ್ಡು ಓಡಾಡುವ ಕಡೆ ಎಲ್ಲಾ ಇದೇ ಕಥೆ. ಮಗಳ ಮದುವೆಗೆ ಅಂತ ಎರಡೆಕರೆ ಮಾರಿದವರು ನಮ್ಮಲ್ಲಿದ್ದಾರೆ. ಮಕ್ಕಳ ಓದಿಗೆ ಪೇಟೆಯಲ್ಲೊಂದು ಮನೆ ಇರಲಿ ಅಂತ ಸಾಲ ಮಾಡಿ ಸೈಟು ಕೊಂಡವರೂ ಇದ್ದಾರೆ.

ಸೈಟು ನೋಡಲು ಹೋದಾಗ ನಾವು ಕೇಳುವ ಪ್ರಶ್ನೆಗಳು ಗೊತ್ತೇ ಇವೆ. ಚದರಡಿಗೆ ಎಷ್ಟು? ಬಸ್ ಸ್ಟ್ಯಾಂಡಿಗೆ ಎಷ್ಟು ದೂರ? ಖಾತೆ ಆಗುತ್ತಾ? ಬ್ಯಾಂಕ್ ಲೋನ್ ಸಿಗುತ್ತಾ? ನೀರು ಎಲ್ಲಿಂದ ಬರುತ್ತೆ ಅಂತ ಕೇಳುವವರು ಕಡಿಮೆ. ಕೇಳಿದರೂ "ಬೋರ್ ಹಾಕಿಸ್ತೀವಿ ಸಾರ್, ಆಮೇಲೆ ಮುನಿಸಿಪಾಲ್ಟಿಯವರು ಲೈನ್ ಕೊಡ್ತಾರೆ" ಎಂಬ ಉತ್ತರಕ್ಕೆ ಸಮಾಧಾನವಾಗಿ ಅಡ್ವಾನ್ಸ್ ಕೊಟ್ಟು ಬರುತ್ತೇವೆ.

ಈ ಸೀಮೆಯ ಇತಿಹಾಸದಲ್ಲಿ ಆ ಪ್ರಶ್ನೆಯೇ ಮೊದಲನೆಯದಾಗಿತ್ತು. ಮಳೆ ಕಡಿಮೆ ಇರುವ ನೆಲದಲ್ಲಿ ಜನ ಮೊದಲು ನೀರು ಕಟ್ಟುತ್ತಿದ್ದರು, ಆಮೇಲೆ ಮನೆ ಕಟ್ಟುತ್ತಿದ್ದರು. ಈಗ ಮೊದಲು ಸೈಟು, ಆಮೇಲೆ ಮನೆ, ಕೊನೆಗೆ ನೀರು. ಹೊಸ ಬಡಾವಣೆಗಳ ಭಾರವನ್ನು ನಮ್ಮ ಪಟ್ಟಣಗಳು ಹೊರಬಲ್ಲವೇ ಎಂಬುದಕ್ಕೆ ಉತ್ತರ ಬೇಕಿದ್ದರೆ ಈ ಲೆಕ್ಕ ಯಾವಾಗ ತಿರುವುಮುರುವಾಯಿತು ಎಂದು ನೋಡಬೇಕು.

ಚಂದ್ರವಳ್ಳಿಯ ಬಂಡೆ ಹೇಳುವ ಮಾತು

ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವ ಚಂದ್ರವಳ್ಳಿ ನಮಗೆ ಪಿಕ್ನಿಕ್ ಜಾಗ. ಆದರೆ ಅಲ್ಲಿನ ಭೈರವೇಶ್ವರ ಗುಡಿಯ ಹತ್ತಿರದ ಬಂಡೆ ಮೇಲೆ ಬನವಾಸಿ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆಯದು. ಪುರಾತತ್ತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಇಲ್ಲಿ ಉತ್ಖನನ ನಡೆಸಿ ಇದನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಕೂಡ ಇಲ್ಲಿ ಅಗೆಸಿದರು. ಶಾತವಾಹನರ ಕಾಲದ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕವು. ಅಂದರೆ ಹಡಗಿನಲ್ಲಿ ಬಂದ ದುಡ್ಡು ಓಡಾಡುತ್ತಿದ್ದಷ್ಟು ದೊಡ್ಡ ಪೇಟೆ ಇಲ್ಲಿತ್ತು.

ಆ ಶಾಸನದಲ್ಲಿ ಮಯೂರಶರ್ಮ ಗೆದ್ದ ರಾಜ್ಯಗಳ ಹೆಸರುಗಳಿವೆ. ಆದರೆ ಶಾಸನ ಬರೆಸಿದ್ದು ಯುದ್ಧದ ಸಲುವಾಗಿ ಅಲ್ಲ, ಕೆರೆಯ ಸಲುವಾಗಿ. ಅಷ್ಟು ರಾಜ್ಯ ಗೆದ್ದವನು ಇಲ್ಲೊಂದು ಕೆರೆ ಮಾಡಿಸಿದ ಎಂಬುದೇ ಅದರ ತಿರುಳು. ಜಿಲ್ಲೆಯ ಅತಿ ಹಳೆಯ ಲಿಖಿತ ದಾಖಲೆಗಳಲ್ಲಿ ಒಂದು ನೀರಿನ ಕಾಮಗಾರಿಯ ಬೋರ್ಡು ಅಂದರೆ ತಪ್ಪಾಗದು.

ಏಳು ಸುತ್ತಿನ ಕೋಟೆ, ಒಂದರ ಕೆಳಗೊಂದು ಹೊಂಡ

ನಾಯಕರ ಕಾಲಕ್ಕೆ ಬರೋಣ. ದುರ್ಗದ ಕೋಟೆ ಅಂದರೆ ಎಲ್ಲರೂ ಏಳು ಸುತ್ತು, ಬತೇರಿ, ಫಿರಂಗಿ, ಮದ್ದು ಬೀಸುವ ಕಲ್ಲು ಅನ್ನುತ್ತಾರೆ. ಆದರೆ ಕಲ್ಲುಬಂಡೆಗಳ ಆ ಗುಡ್ಡದ ಮೇಲೆ ಜನ, ಕುದುರೆ, ಆನೆ ಇರಬೇಕಾದರೆ ನೀರು ಬೇಕಿತ್ತು. ಮೇಲೆ ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ-ತಂಗಿ ಹೊಂಡ, ಇನ್ನೂ ಕೆಳಗೆ ಸಿಹಿನೀರು ಹೊಂಡ, ಪೇಟೆಯ ಮಧ್ಯೆ ಸಂತೆಹೊಂಡ. ಬಂಡೆ ಮೇಲೆ ಬಿದ್ದ ಮಳೆ ಮೇಲಿನ ಹೊಂಡದಲ್ಲಿ ನಿಂತು, ಅದು ತುಂಬಿ ಹರಿದರೆ ಕೆಳಗಿನದಕ್ಕೆ ಇಳಿದು, ಕೊನೆಗೆ ಊರಿನ ಹೊಂಡ ಸೇರುವ ಹಾಗೆ ಮಾಡಿದ್ದರು. ಪಂಪಿಲ್ಲ, ಕರೆಂಟಿಲ್ಲ. ಇಳಿಜಾರೇ ಎಂಜಿನಿಯರ್.

ಓಬವ್ವನ ಕಥೆ ನೆನಪಿಸಿಕೊಳ್ಳಿ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದಾಗಲೇ ಆಕೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡದ್ದು. ಕಾವಲುಗಾರನ ಮನೆಗೆ ಕೊಡ ಹಿಡಿದು ಹೋಗಿ ಬರುವಷ್ಟು ಹತ್ತಿರ ನೀರಿತ್ತು ಎಂಬುದು ಆ ಕಥೆಯೊಳಗೇ ಇದೆ.

ಬಿಚ್ಚುಗತ್ತಿ ಭರಮಣ್ಣ ನಾಯಕ 1689ರಿಂದ 1721ರವರೆಗೆ ಆಳಿದ. ಅವನು ಕಟ್ಟಿಸಿದ ಗುಡಿಗಳ ಜೊತೆಗೆ ಸುಮಾರು 20 ಕೆರೆಗಳನ್ನೂ ಇತಿಹಾಸಕಾರರು ಲೆಕ್ಕ ಕೊಡುತ್ತಾರೆ. ಭರಮಸಾಗರಕ್ಕೆ ಹೆಸರು ಬಂದದ್ದೇ ಅವನಿಂದ. ನಮ್ಮ ಊರುಗಳ ಹೆಸರು ನೋಡಿದರೂ ಸಾಕು: ಹೊಳಲ್ಕೆರೆ, ಚಳ್ಳಕೆರೆ, ಭೀಮಸಮುದ್ರ, ಭರಮಸಾಗರ. ಊರಿನ ವಿಳಾಸದಲ್ಲೇ ನೀರಿನ ಮೂಲ ಬರೆದಿಟ್ಟಿದ್ದರು.

ಖರ್ಚು ಯಾರದು ಎಂಬ ಮಾತು

ಕೆರೆ ಕಟ್ಟಿಸಿದರೆ ಮುಗಿಯಲಿಲ್ಲ. ಏರಿ ಬಿರುಕು ಬಿಡುತ್ತದೆ, ಹೂಳು ತುಂಬುತ್ತದೆ, ತೂಬು ಕಟ್ಟಿಕೊಳ್ಳುತ್ತದೆ. ಅದಕ್ಕೆ ದುಡ್ಡು ಎಲ್ಲಿಂದ? ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಅದೇ ಕೆರೆಯ ಕೆಳಗಿನ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುವ ಏರ್ಪಾಟು ಅದು. ತೂಬು ಎತ್ತಿ ಇಳಿಸುವ ನೀರಗಂಟಿಗೂ ಪಾಲಿತ್ತು. ಕೆರೆ ಕೆಟ್ಟರೆ ಅವನ ಅನ್ನವೂ ಕೆಡುತ್ತಿತ್ತು, ಹಾಗಾಗಿ ಕೆರೆ ಕೆಡದ ಹಾಗೆ ನೋಡಿಕೊಳ್ಳುತ್ತಿದ್ದ.

ಹಳೆಯದೆಲ್ಲ ಬಂಗಾರ ಅಂತ ಇದರರ್ಥವಲ್ಲ. ಹೊಂಡ, ಬಾವಿಗಳ ನೀರು ಎಲ್ಲ ಜಾತಿಯವರಿಗೂ ಸಮನಾಗಿ ಸಿಗುತ್ತಿರಲಿಲ್ಲ. ಕೇರಿಯವರು ದೂರ ನಿಂತು ಬೇರೆಯವರು ಹುಯ್ದ ನೀರು ಹಿಡಿಯಬೇಕಿತ್ತು. ಮಳೆ ಪೂರ್ತಿ ಕೈಕೊಟ್ಟಾಗ ಕೆರೆಗಳೂ ಕಾಯಲಿಲ್ಲ. 1876-78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಆ ಪೆಟ್ಟಿನ ನಂತರ ನಮ್ಮ ಜಿಲ್ಲೆಗೆ ಬಂದದ್ದೇ ಮಾರಿಕಣಿವೆ.

ಮಾರಿಕಣಿವೆ: ನೂರು ವರ್ಷದ ಮುಂದಾಲೋಚನೆ

ಹಿರಿಯೂರಿನ ಹತ್ತಿರ ವೇದಾವತಿ ನದಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಹರಿಯುವ ಕಡೆ, ಕಣಿವೆ ಮಾರಮ್ಮನ ಸನ್ನಿಧಿಯಲ್ಲಿ, 1898ರಲ್ಲಿ ಅಣೆಕಟ್ಟೆ ಕೆಲಸ ಶುರುವಾಯಿತು. 1907ರಲ್ಲಿ ಮುಗಿಯಿತು. ಕೆಲಸ ಶುರುವಾದಾಗ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು ರೀಜೆಂಟರಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಹಾಗಾಗಿ ವಾಣಿವಿಲಾಸ ಸಾಗರ ಎಂಬ ಹೆಸರು. ಸುಮಾರು 30 ಟಿಎಂಸಿ ಹಿಡಿಯುವ ಜಲಾಶಯ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗಿಂತ ಇದು ಮುಂಚಿನದು.

ಇದನ್ನು ಕಟ್ಟಿದ್ದು ಮುಖ್ಯವಾಗಿ ಹೊಲಗದ್ದೆಗೆ. ಪಟ್ಟಣಗಳು ಅದರ ನೀರು ಕುಡಿಯತೊಡಗಿದ್ದು ಆಮೇಲೆ. ಇವತ್ತು ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ನಲ್ಲಿಗೆ ಬರುವುದು ಇದೇ ನೀರು. ಚಿತ್ರದುರ್ಗ, ಹೊಳಲ್ಕೆರೆ ಕಡೆಗೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದಿಂದಲೂ ನೀರು ಬರುತ್ತದೆ. ಅದೂ ಶತಮಾನಗಳ ಹಿಂದೆ ಕಟ್ಟಿದ ಕೆರೆಯೇ. ಲೆಕ್ಕ ಹಾಕಿ ನೋಡಿ: ಹೊಸ ಬಡಾವಣೆಗೆ ನಾವು ಕೇಳುತ್ತಿರುವ ನೀರು ನಮ್ಮ ಅಜ್ಜ, ಮುತ್ತಜ್ಜ, ಅವರಜ್ಜನ ಕಾಲದವರು ಕೂಡಿಟ್ಟ ಗಂಟು. ನಾವು ಸೇರಿಸಿದ್ದು ಪೈಪು ಮತ್ತು ಮೋಟರು.

ಬೋರ್‌ವೆಲ್ ಬಂತು, ನಂಟು ಕಡಿಯಿತು

ಈ ಕ್ರಮ ತಪ್ಪಿದ್ದು ಬೋರ್‌ವೆಲ್ಲಿನಿಂದ. 1970ರ ದಶಕದ ನಂತರ ಕೊರೆಯುವ ಲಾರಿಗಳು ಊರೂರಿಗೆ ಬಂದವು. ಎಲ್ಲಿ ಬೇಕಾದರೂ ನೀರು ತೆಗೆಯಬಹುದು ಎಂದಾದ ಮೇಲೆ ಎಲ್ಲಿ ಬೇಕಾದರೂ ಮನೆ ಕಟ್ಟಬಹುದು ಎಂದಾಯಿತು. ಕೆರೆಗೂ ಊರಿಗೂ ಇದ್ದ ನಂಟು ಕಡಿಯಿತು. ಏರಿ ರಿಪೇರಿಗೆ ಯಾರೂ ಹೋಗದಾದರು, ನೀರಗಂಟಿ ಎಂಬ ಮಾತೇ ಹೊಸ ಹುಡುಗರಿಗೆ ಗೊತ್ತಿಲ್ಲ.

ಆದರೆ ಬೋರು ನೀರನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಎತ್ತುತ್ತದೆ ಅಷ್ಟೆ. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಈಗ ಸಾವಿರ ಅಡಿ ಕೊರೆದರೂ ಬರೀ ಧೂಳು ಎದ್ದ ಕಥೆಗಳು ಪ್ರತಿ ಊರಲ್ಲೂ ಇವೆ. ಆಳಕ್ಕೆ ಹೋದಂತೆ ಫ್ಲೋರೈಡ್ ಕಾಟವೂ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಅದನ್ನೇ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ ಬಾಗುತ್ತದೆ. ಫ್ಲೋರೈಡ್ ತೊಂದರೆಯಿರುವ ಜಿಲ್ಲೆಗಳ ಪಟ್ಟಿಯಲ್ಲಿ ಚಿತ್ರದುರ್ಗದ ಹೆಸರು ಹಿಂದಿನಿಂದಲೂ ಇದೆ. ಊರೂರಲ್ಲಿ ಶುದ್ಧ ನೀರಿನ ಘಟಕ ಬಂದದ್ದಕ್ಕೆ ಇದೂ ಒಂದು ಕಾರಣ.

ಹಾಗಾಗಿ "ಬಡಾವಣೆಗೆ ಎರಡು ಬೋರ್ ಹಾಕಿಸಿದ್ದೇವೆ" ಎಂಬ ಮಾತು ಕೇಳಿದಾಗ ಒಂದು ಸಣ್ಣ ಲೆಕ್ಕ ಮಾಡಿ. 100 ಸೈಟು, ಮನೆಗೆ 5 ಜನ ಅಂದರೆ 500 ಜನ. ಒಳಚರಂಡಿ ಇಲ್ಲದ ಪಟ್ಟಣಕ್ಕೆ ತಲೆಗೆ ದಿನಕ್ಕೆ 70 ಲೀಟರ್, ಒಳಚರಂಡಿ ಇದ್ದರೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಕಡಿಮೆಯದನ್ನೇ ಹಿಡಿದರೂ ದಿನಕ್ಕೆ 35,000 ಲೀಟರ್. 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಆದರೆ ದಿನಕ್ಕೆ ಏಳು. ಬೇಸಿಗೆಯಲ್ಲಿ ಬೋರು ನಿಂತ ದಿನ ಈ ಏಳು ಟ್ಯಾಂಕರ್ ಯಾರ ತೋಟದ ಬೋರಿನಿಂದ ಬರುತ್ತದೆ? ಪಕ್ಕದ ಹಳ್ಳಿಯಿಂದ. ಆದ್ದರಿಂದ ಪೇಟೆಯ ಬಡಾವಣೆಯ ಸಂಗತಿ ಹಳ್ಳಿಯವರದೂ ಹೌದು.

ಡ್ಯಾಂ ತುಂಬಿತು, ನಲ್ಲಿ ತುಂಬಿತೇ?

ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 89 ವರ್ಷ ಕಾಯಬೇಕಾಯಿತು: 2022ರ ಸೆಪ್ಟೆಂಬರ್. ಆಮೇಲೆ 2025ರ ಜನವರಿಯಲ್ಲಿ ಮತ್ತೆ 130 ಅಡಿ ಮುಟ್ಟಿತು. ನಡುವೆ ತಳ ಕಂಡ ವರ್ಷಗಳೂ ಇದ್ದವು. ಕೋಡಿ ಬಿದ್ದಾಗ ಜಿಲ್ಲೆಯ ಜನ ಜಾತ್ರೆಯಂತೆ ಹೋಗಿ ನೋಡಿ ಬಂದರು.

ಆ ಸಂತೋಷದಲ್ಲಿ ಒಂದು ತಪ್ಪು ನಂಬಿಕೆ ಬೆಳೆಯಿತು: ಇನ್ನು ನೀರಿಗೆ ಬರವಿಲ್ಲ, ಎಷ್ಟು ಬಡಾವಣೆಯಾದರೂ ಆಗಲಿ ಎಂದು. ಅಂಕಿ ನೋಡಿದರೆ ಅರ್ಧ ನಿಜ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿ ಒಟ್ಟು 3 ಲಕ್ಷ ಜನ ಎಂದಿಟ್ಟುಕೊಳ್ಳಿ. ತಲೆಗೆ 135 ಲೀಟರಿನಂತೆ ಕೊಟ್ಟರೂ ವರ್ಷಕ್ಕೆ ಬೇಕಾಗುವುದು ಅರ್ಧ ಟಿಎಂಸಿಗಿಂತ ತುಸು ಹೆಚ್ಚು. 30 ಟಿಎಂಸಿ ಜಲಾಶಯದ ಮುಂದೆ ಅದು ಚೊಂಬು ನೀರು.

ಹಾಗಿದ್ದೂ ದಿನ ಬಿಟ್ಟು ದಿನ, ಕೆಲವು ಕಡೆ ವಾರಕ್ಕೊಮ್ಮೆ ನೀರು ಬಿಡುವುದೇಕೆ? ನೀರು ಇರುವುದು ಬೇರೆ, ಮನೆಗೆ ಬರುವುದು ಬೇರೆ. ಹಿರಿಯೂರಿಗಿಂತ ಚಿತ್ರದುರ್ಗ ಎತ್ತರದಲ್ಲಿದೆ. ನಾಯಕರ ಹೊಂಡದ ನೀರು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ನಮ್ಮ ಕಾಲದ ನೀರನ್ನು ಕೆಳಗಿನಿಂದ ಮೇಲಕ್ಕೆ ಎತ್ತಬೇಕು. ಅದಕ್ಕೆ ಪಂಪು, ಕರೆಂಟು, ದೊಡ್ಡ ಪೈಪು, ಶುದ್ಧೀಕರಣ ಘಟಕ, ಓವರ್‌ಹೆಡ್ ಟ್ಯಾಂಕು, ಬೀದಿ ಪೈಪು, ವಾಲ್ವ್ ತಿರುಗಿಸುವ ವಾಟರ್‌ಮನ್ ಎಲ್ಲವೂ ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಸಣ್ಣದಾದರೂ ಡ್ಯಾಂ ತುಂಬಿದ್ದು ನಮಗೆ ದಕ್ಕುವುದಿಲ್ಲ. ಹೊಸ ಬಡಾವಣೆ ಎಂದರೆ ಅದೇ ಹಳೇ ಟ್ಯಾಂಕಿಗೆ, ಅದೇ ಹಳೇ ಪೈಪಿಗೆ ಇನ್ನೂ ನೂರು ನಲ್ಲಿ. ಕೊನೆಯ ಮನೆಗೆ ಬರುವ ಹೊತ್ತಿಗೆ ಬರೀ ಗಾಳಿ.

ಇದಕ್ಕೆ ತೆತ್ತ ಬೆಲೆ ಏನೆಂದು 2023ರಲ್ಲಿ ನೋಡಿದ್ದೇವೆ. ಆ ವರ್ಷ ಜುಲೈ ಕೊನೆ, ಆಗಸ್ಟ್ ಮೊದಲ ದಿನಗಳಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಜೀವ ಕಳೆದುಕೊಂಡರು. ಅದು ಹೊಸ ಬಡಾವಣೆ ಅಲ್ಲ, ಬಡವರು, ದಲಿತರು ಹೆಚ್ಚಾಗಿ ಇರುವ ಹಳೆಯ ಹಟ್ಟಿ. ಇದ್ದ ಜನಕ್ಕೇ ಶುದ್ಧ ನೀರು ಮುಟ್ಟಿಸಲಾಗದ ಕಡೆ ಹೊಸಬರಿಗೆ ಲೈನ್ ಕೊಡುವ ಅವಸರ ಇದ್ದರೆ ಪೆಟ್ಟು ಬೀಳುವುದು ಯಾರಿಗೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬಂದ ನೀರು ಹೋಗುವುದೆಲ್ಲಿಗೆ?

ನೀರು ತರುವುದರ ಬಗ್ಗೆ ಮಾತಾಡುವವರು ಅದು ಹೊರಹೋಗುವ ಬಗ್ಗೆ ಮಾತಾಡುವುದಿಲ್ಲ. ಬಳಸಿದ ನೀರಿನಲ್ಲಿ ಶೇ 80ರಷ್ಟು ಬಚ್ಚಲ ನೀರಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ನಮ್ಮ 100 ಸೈಟಿನ ಬಡಾವಣೆಯಿಂದ ದಿನಕ್ಕೆ 28,000 ಲೀಟರ್. ಚರಂಡಿ ಬಡಾವಣೆಯ ಗಡಿಯಲ್ಲೇ ನಿಂತರೆ ಆ ನೀರು ತಗ್ಗು ಹುಡುಕುತ್ತದೆ. ತಗ್ಗಿನಲ್ಲಿ ಇರುವುದು ಯಾವಾಗಲೂ ಕೆರೆ. ಚಿತ್ರದುರ್ಗದ ಮಗ್ಗುಲಲ್ಲಿರುವ ಮಲ್ಲಾಪುರ ಕೆರೆಯ ಪಕ್ಕ ಹಾದು ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆನೀರಿನದೂ ಇದೇ ಪಾಡು. ಹಳಬರು ಒಂದು ಕೆರೆಯ ಕೋಡಿಯಿಂದ ಇನ್ನೊಂದಕ್ಕೆ ಹಳ್ಳ, ರಾಜಕಾಲುವೆ ಬಿಟ್ಟಿದ್ದರು. ಒಣಗಿದ ಹಳ್ಳ ಹತ್ತು ವರ್ಷ ನೀರು ಕಾಣದಿದ್ದರೆ ಅದು ಹಳ್ಳ ಎಂಬುದೇ ಮರೆತುಹೋಗುತ್ತದೆ, ನಕ್ಷೆಯಲ್ಲಿ ಸೈಟಾಗುತ್ತದೆ. ನೀರು ಮಾತ್ರ ಹಳೇ ದಾರಿ ಮರೆಯುವುದಿಲ್ಲ. 2022ರಲ್ಲಿ ವಾಣಿವಿಲಾಸ ಸಾಗರ ತುಂಬಿದಾಗ ಹೊಸದುರ್ಗ ತಾಲ್ಲೂಕಿನ ಕಡೆ ಹಿನ್ನೀರು ತೋಟ, ಹೊಲಗಳಿಗೆ ನುಗ್ಗಿತು. 89 ವರ್ಷ ಬಾರದ ನೀರು ಬರುವುದೇ ಇಲ್ಲ ಎಂದು ಅಲ್ಲಿ ಬದುಕು ಕಟ್ಟಿಕೊಂಡಿದ್ದರು. ಹಿರಿಯೂರಿನವರ ಹಬ್ಬ ಹೊಸದುರ್ಗದವರ ಸಂಕಟವಾಯಿತು.

ಭದ್ರಾ ಬರುತ್ತಾಳೆ, ಆದರೆ

ಭದ್ರಾ ಮೇಲ್ದಂಡೆ ಯೋಜನೆ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ನಮಗೆಲ್ಲ ಇದೆ. ತುಂಗಾ ಮತ್ತು ಭದ್ರಾದಿಂದ 29.90 ಟಿಎಂಸಿ ನೀರನ್ನು ಬಯಲುಸೀಮೆಗೆ ತರುವ ಯೋಜನೆ ಅದು. 367 ಕೆರೆ ತುಂಬಿಸುವುದು, ವಾಣಿವಿಲಾಸ ಸಾಗರಕ್ಕೆ 2 ಟಿಎಂಸಿ ಕೊಡುವುದು ಅದರ ಭಾಗ. 2019ರಿಂದಲೇ ಅಜ್ಜಂಪುರದ ಸುರಂಗ ದಾಟಿ ಭದ್ರಾ ನೀರು ವೇದಾವತಿಗೆ ಹರಿದು ಜಲಾಶಯ ಸೇರತೊಡಗಿತು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ದುಡ್ಡಿಗಾಗಿ ರೈತರು ಧರಣಿ, ಬಂದ್ ಮಾಡಬೇಕಾಯಿತು.

ಭದ್ರಾ ನೀರು ಬರುವುದು ಕೆರೆಗೆ ಮತ್ತು ಕಾಲುವೆಗೆ. ಕೆರೆಯಲ್ಲಿ ಹೂಳು, ಅಂಗಳದಲ್ಲಿ ಒತ್ತುವರಿ, ಕಾಲುವೆ ದಾರಿಯಲ್ಲಿ ಸೈಟು ಇದ್ದರೆ ಅವಳು ನಿಲ್ಲುವುದೆಲ್ಲಿ?

ಹಾಗಾದರೆ ತಾಳುತ್ತದೆಯೇ?

ಒಳ್ಳೆಯ ವರ್ಷಗಳಲ್ಲಿ ನೀರಿನ ಮೂಲ ತಾಳುತ್ತದೆ. ಅದನ್ನು ಮನೆಗೆ ತರುವ ವ್ಯವಸ್ಥೆ, ಮನೆಯಿಂದ ಹೊರಗೆ ಸಾಗಿಸುವ ವ್ಯವಸ್ಥೆ ಈಗಿರುವ ಹಾಗೆ ತಾಳುವುದಿಲ್ಲ. ಮನೆ ಕಟ್ಟಬೇಡಿ ಅನ್ನಲಾಗದು, ಜನಕ್ಕೆ ಸೂರು ಬೇಕು. ಹಳೇ ಕ್ರಮವನ್ನು ಮತ್ತೆ ಹಿಡಿಯಬೇಕು ಅಷ್ಟೆ: ಮೊದಲು ನೀರು ತೋರಿಸಿ, ಆಮೇಲೆ ಸೈಟು ಮಾರಿ.

ಸೈಟು ಕೊಳ್ಳುವವರು, ಹೊಲ ಕೊಡುವವರು, ಪಂಚಾಯ್ತಿ ಸದಸ್ಯರು ಕೇಳಬೇಕಾದ ಮಾತುಗಳಿವು:

1. ಭೂಪರಿವರ್ತನೆ ಆಗಿದೆಯೇ, ಬಡಾವಣೆ ನಕ್ಷೆಗೆ ಅನುಮೋದನೆ ಇದೆಯೇ? ಬಿ-ಖಾತೆಯೋ 11-ಬಿಯೋ ಸಿಕ್ಕಿದರೆ ತೆರಿಗೆ ಕಟ್ಟಬಹುದು, ಅದರಿಂದ ನಲ್ಲಿ ತಾನಾಗಿ ಬರುವುದಿಲ್ಲ.

2. ನೀರು ಯಾವ ಟ್ಯಾಂಕಿನಿಂದ? ಆ ಟ್ಯಾಂಕು ಈಗ ಎಷ್ಟು ಮನೆಗೆ ಕೊಡುತ್ತಿದೆ? ಬೋರು ಅಂದರೆ ಫ್ಲೋರೈಡ್ ಪರೀಕ್ಷೆಯ ಚೀಟಿ ಎಲ್ಲಿ?

3. ಚರಂಡಿ ಎಲ್ಲಿ ಕೊನೆಯಾಗುತ್ತದೆ? ಗೇಟಿನ ಹತ್ತಿರವೋ, ಕೆರೆಗೋ, ಒಳಚರಂಡಿಗೋ? ಒಂದು ದಿನ ಹೋಗಿ ಕಾಲಲ್ಲಿ ನಡೆದು ನೋಡಿ.

4. ಗ್ರಾಮ ನಕ್ಷೆಯಲ್ಲಿ ಆ ಸರ್ವೆ ನಂಬರಿನ ಮೇಲೆ ಹಳ್ಳದ ಗೆರೆ ಇದೆಯೇ? ಊರಿನ ಹಿರಿಯರನ್ನೂ ಕೇಳಿ.

5. ಬಡಾವಣೆಗೆ ಅನುಮೋದನೆ ಕೊಡುವಾಗ ಕಟ್ಟಿಸಿಕೊಳ್ಳುವ ಶುಲ್ಕಗಳಲ್ಲಿ ಕೆರೆ, ಕುಡಿಯುವ ನೀರಿನ ಬಾಬ್ತೂ ಇರುತ್ತದೆ. ಅದು ನಮ್ಮ ಕಾಲದ ಬಿತ್ತುವಟ್ಟ. ಯಾವ ಕೆರೆಗೆ ಖರ್ಚಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದರೆ ಉತ್ತರ ಕೊಡಲೇಬೇಕು.

ಮನೆ ಕಟ್ಟುವವರಿಗೆ ಇನ್ನೊಂದು ಲೆಕ್ಕ. ನಮ್ಮಲ್ಲಿ ವರ್ಷಕ್ಕೆ ಸುಮಾರು 550ರಿಂದ 600 ಮಿಲಿಮೀಟರ್ ಮಳೆ. 30-40ರ ಸೈಟಿನಲ್ಲಿ 800 ಚದರಡಿ ತಾರಸಿ ಇದ್ದರೂ, ಹರಿದು ಆವಿಯಾಗಿ ಹೋದದ್ದನ್ನು ಕಳೆದು, ವರ್ಷಕ್ಕೆ ಸುಮಾರು 33,000 ಲೀಟರ್ ಹಿಡಿಯಬಹುದು. ತಲೆಗೆ 70 ಲೀಟರಿನಂತೆ ಐದು ಜನರ ಮನೆಗೆ ಅದು ಮೂರು ತಿಂಗಳ ನೀರು. ಸಂಪು ಕಟ್ಟುವಾಗಲೇ ಒಂದು ಪೈಪು, ಒಂದು ಫಿಲ್ಟರ್ ಜಾಸ್ತಿ ಹಾಕಿಸಿದರೆ ಸಾಕು. ಕೋಟೆಯ ಬಂಡೆಯ ಮೇಲೆ ನಾಯಕರು ಮಾಡಿದ್ದೂ ಇದನ್ನೇ.

ಮುಂದಿನ ಗ್ರಾಮಸಭೆಯಲ್ಲೋ ವಾರ್ಡ್ ಸಭೆಯಲ್ಲೋ ಹೊಸ ಬಡಾವಣೆಯ ಮಾತು ಬಂದರೆ ಖಾತೆಯ ವಿಷಯ ಎರಡನೆಯದಾಗಿರಲಿ. ಮೊದಲು ಎದ್ದು ನಿಂತು ಕೇಳಿ: ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?